ಸಾಲಿನ ಕೊನೆಯ ಚಪ್ಪಲಿ

ನನ್ನ ಅತ್ತಿಗೆಯನ್ನು ಯಾರಾದರೂ ಹೊಗಳಿದರೆ ನನಗೆ ಮೈ ಉರಿಯುತ್ತದೆ. ಅವಳು ಕೆಟ್ಟವಳು ಅಂತಲ್ಲ. ಸ್ವಲ್ಪ ಕೆಟ್ಟವಳಾಗಿದ್ದರೆ ನನ್ನ ಅಣ್ಣನ ಕಾಲು ನೆಟ್ಟಗಿರುತ್ತಿತ್ತು. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬ ಗಾದೆಯನ್ನು ಕಟ್ಟಿದವರು ಯಾರೋ ಗೊತ್ತಿಲ್ಲ, ಅವರ ಮನೆಯಲ್ಲೂ ಇಂಥ ಒಬ್ಬಳು ಅತ್ತಿಗೆ ಇದ್ದಿರಬೇಕು.

ಅವಳು ನಮ್ಮ ದಡದ ಶಾಲೆಯಲ್ಲಿ ಆಯಾ. ಬೆಳಿಗ್ಗೆ ಬೀಗ ತೆಗೆಯುವುದು, ಎರಡು ಕೋಣೆ ಗುಡಿಸುವುದು, ಕುಡಿಯುವ ನೀರು ತುಂಬಿಡುವುದು, ಗಂಟೆ ಬಾರಿಸುವುದು ಅವಳ ಕೆಲಸ. ಊರಿಗೆಲ್ಲ ಅವಳು ಗಂಟೆಯಮ್ಮ. ಅಣ್ಣ ಅಂಬಿಗ, ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುತ್ತಾನೆ. ಮದುವೆಯಾದ ದಿನ ಅವಳನ್ನು ತನ್ನ ದೋಣಿಯಲ್ಲೇ ಕೂರಿಸಿಕೊಂಡು ಬಂದಿದ್ದ. ನೀರು ಕಂಡರೆ ಹೆದರುತ್ತಿದ್ದ ಅವಳು ದಾರಿಯುದ್ದಕ್ಕೂ ದೋಣಿಯ ಅಂಚನ್ನು ಬಿಟ್ಟಿರಲಿಲ್ಲವಂತೆ. ಇಳಿದ ಮೇಲೆ ನೋಡಿದರೆ ಅಂಗೈಗೆಲ್ಲ ಸಿಬಿರು. ಮದುವಣಗಿತ್ತಿಯ ಕೈಯಿಂದ ಸೂಜಿಯಲ್ಲಿ ಸಿಬಿರು ಕೀಳುತ್ತಾ ಸಂಸಾರ ಶುರುಮಾಡಿದವನು ನಾನೊಬ್ಬನೇ ಎಂದು ಅಣ್ಣ ಈಗಲೂ ಹೇಳಿ ನಗುತ್ತಾನೆ.

ನಾನು ಗಂಡ ತೀರಿಕೊಂಡ ಮೇಲೆ ಹೊಲಿಗೆ ಮೆಷಿನ್ನಿನ ಸಮೇತ ಈ ಮನೆಗೆ ಬಂದವಳು. ಬಂದ ದಿನವೇ ಅತ್ತಿಗೆ ಜಗಲಿಯಲ್ಲಿ ಬೆಳಕು ಚೆನ್ನಾಗಿ ಬೀಳುವ ಮೂಲೆಯಿಂದ ಸೌದೆ ರಾಶಿಯನ್ನು ಎತ್ತಿ ಹಿತ್ತಲಿಗೆ ಹಾಕಿ, ಮೆಷಿನ್ನಿಗೆ ಜಾಗ ಮಾಡಿಕೊಟ್ಟಳು. ಇದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾದಿನಿ ಅಂದಮೇಲೆ ದೂರು ಹೇಳದೆ ಇರುತ್ತಾಳೆಯೇ ಅಂದುಕೊಳ್ಳುತ್ತೀರಿ.

ಇನ್ನು ಡಾಕ್ಟ್ರ ದೋಣಿಯ ವಿಷಯ. ದೂರದ ನಗರದ ಡಾಕ್ಟರುಗಳು ಕೆಲವರು ಸೇರಿ, ತಮ್ಮ ರಜೆಯನ್ನು ಖರ್ಚು ಮಾಡಿಕೊಂಡು, ಎರಡು ಮೂರು ತಿಂಗಳಿಗೊಮ್ಮೆ ದೊಡ್ಡ ಮೋಟಾರು ದೋಣಿಯಲ್ಲಿ ನದಿಗುಂಟ ಬರುತ್ತಾರೆ. ಒಂದೊಂದು ದಡದಲ್ಲೂ ಒಂದು ಹಗಲು ನಿಂತು ಪುಕ್ಕಟೆ ನೋಡಿ, ಪುಕ್ಕಟೆ ಔಷಧಿ ಕೊಟ್ಟು ಹೋಗುತ್ತಾರೆ. ಒಳ್ಳೆಯ ಜನ. ಅದೇ ತೊಂದರೆ. ಕೆಟ್ಟ ಜನರಾಗಿದ್ದರೆ ಬಾಯಿ ತುಂಬ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವರು ಬರುವುದಕ್ಕೆ ಮೊದಲು ವಾರಕ್ಕೊಂದು ಸಲ ಪಟ್ಟಣದ ಆಸ್ಪತ್ರೆಗೆ ಹೋಗುವ ಸರ್ಕಾರಿ ಲಾಂಚು ಇತ್ತು. ಡಾಕ್ಟರೇ ಬಾಗಿಲಿಗೆ ಬರುವಾಗ ಲಾಂಚು ಯಾಕೆ ಎಂದು ಅದನ್ನು ನಿಲ್ಲಿಸಿದರು. ಈಗ ಪಟ್ಟಣಕ್ಕೆ ಹೋಗಬೇಕಾದರೆ ಎದುರು ನೀರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಹುಟ್ಟು ಹಾಕಬೇಕು. ಒಬ್ಬರು ಇಬ್ಬರಿಂದ ಆಗುವ ಕೆಲಸವಲ್ಲ. ಸರದಿಯ ಮೇಲೆ ಕೂರುವ ಜನ ಬೇಕು, ಅವರೆಲ್ಲ ಒಂದೆರಡು ದಿನದ ದುಡಿಮೆ ಬಿಟ್ಟು ಬರಬೇಕು.

ಡಾಕ್ಟ್ರ ದೋಣಿಯವರಿಗೆ ಒಂದು ಲೆಕ್ಕ ಇತ್ತು. ಐವತ್ತು ತಲೆ ಸೇರದ ದಡದಲ್ಲಿ ದೋಣಿ ನಿಲ್ಲಿಸುವುದಿಲ್ಲ. ಅವರದ್ದೂ ತಪ್ಪಲ್ಲ ಬಿಡಿ, ಡೀಸೆಲ್ಲೇನು ನೀರಲ್ಲಿ ಹರಿದು ಬರುತ್ತದೆಯೇ. ಕೆಳಗಿನ ತಿರುವಿನ ಊರಿನಲ್ಲಿ ಎರಡು ಸಲ ಜನ ಕಡಿಮೆಯಾದರು ಅಂತ ಆ ಊರನ್ನೇ ಬಿಟ್ಟುಬಿಟ್ಟರು. ಹಾಗಾಗಿ ಪ್ರತಿ ಊರಿನಲ್ಲೂ ಜನರನ್ನು ಕೂಡಿಸುವುದಕ್ಕೆ ಒಬ್ಬರು ಬೇಕಾಯಿತು. ನಮ್ಮಲ್ಲಿ ಮೊದಲು ಆ ಕೆಲಸ ಅಂಗಡಿಯವನ ಕೈಯಲ್ಲಿತ್ತು. ಅವನು ಮೊದಲು ಹೆಂಡತಿ, ಆಮೇಲೆ ಮಕ್ಕಳು, ಆಮೇಲೆ ಅತ್ತೆ, ಅತ್ತೆಯ ತಂಗಿ, ಹೀಗೆ ತನ್ನ ಬಳಗವನ್ನೆಲ್ಲ ದಾಟಿಸಿ ಮುಗಿಸುವಷ್ಟರಲ್ಲಿ ಸೂರ್ಯ ಮುಳುಗುತ್ತಿದ್ದ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ. ಒಂದು ಸಲ ಜ್ವರದ ಮಗುವನ್ನು ಎತ್ತಿಕೊಂಡ ತಾಯಿಯೊಬ್ಬಳು ಕೊನೆಯವರೆಗೂ ನಿಂತು ವಾಪಸು ಹೋಗಬೇಕಾಯಿತು. ಅವತ್ತು ಅತ್ತಿಗೆ ದೋಣಿಕಟ್ಟೆಯ ಮೇಲೆ ನಿಂತು ಅಂಗಡಿಯವನಿಗೆ ಛೀಮಾರಿ ಹಾಕಿದಳು.

“ಅಷ್ಟು ನ್ಯಾಯ ಗೊತ್ತಿದ್ರೆ ನೀನೇ ಮಾಡಮ್ಮ,” ಅಂದ ಅವನು.

“ಮಾಡ್ತೀನಿ. ಕೂಗಿ ಕರೆಯೋಳ ಮನೆಯವರು ಯಾವಾಗ್ಲೂ ಕೊನೇಗೆ. ಇದು ನನ್ನ ಮಾತು,” ಅಂದಳು ಅತ್ತಿಗೆ.

ಊರೆಲ್ಲ ಕೇಳಿಸಿಕೊಂಡಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಕಾಯುತ್ತಿದ್ದವರಿಗೆ ಗಂಟೆಯಮ್ಮನೇ ಸಿಕ್ಕಿದಳು.

ಅವಳ ವ್ಯವಸ್ಥೆ ಶಾಲೆಯಿಂದ ಬಂದದ್ದು. ದೋಣಿ ಬರುವ ದಿನ ಬೆಳಿಗ್ಗೆಯೇ ಜನ ತಮ್ಮ ಚಪ್ಪಲಿಯನ್ನು ದೋಣಿಕಟ್ಟೆಯ ಹಲಗೆಯ ಮೇಲೆ ಒಂದರ ಹಿಂದೆ ಒಂದು ಬಿಟ್ಟು, ನೆರಳಲ್ಲಿ ಹೋಗಿ ಕೂರಬಹುದು. ಚಪ್ಪಲಿಯ ಸರದಿಯೇ ಮನುಷ್ಯರ ಸರದಿ. ಅತ್ತಿಗೆ ಶಾಲೆಯ ಗಂಟೆಯನ್ನು ತಂದು, ಒಂದು ಸಲ ಬಾರಿಸಿದರೆ ಮೊದಲ ಚಪ್ಪಲಿಯವರು ಏಳಬೇಕು. ನೂಕಾಟವಿಲ್ಲ, ಜಗಳವಿಲ್ಲ. ಡಾಕ್ಟರುಗಳು ಆ ಚಪ್ಪಲಿ ಸಾಲಿನ ಫೋಟೋ ತೆಗೆದುಕೊಂಡು ಹೋದರು.

ಐವತ್ತು ತಲೆ ಆಗಬೇಕಲ್ಲ, ಅದಕ್ಕೆ ಹಿಂದಿನ ದಿನ ಅತ್ತಿಗೆ ಮನೆಮನೆಗೆ ಹೋಗುತ್ತಿದ್ದಳು. “ಏನಾದ್ರೂ ಒಂದು ಹೇಳ್ಕೊಂಡು ಬನ್ರಪ್ಪ. ಇವತ್ತು ನಾವು ಹೋಗ್ಲಿಲ್ಲ ಅಂದ್ರೆ, ನಾಳೆ ನಿಜವಾಗಿ ಬೇಕಾದಾಗ ದೋಣಿ ಇರಲ್ಲ.” ಜನ ಬರುತ್ತಿದ್ದರು. ಬಲೆ ಬೀಸುವವನೊಬ್ಬ ಪ್ರತಿ ಸಲವೂ ಸೊಂಟನೋವು ಎಂದು ಹೇಳಿ ಮುಲಾಮು ತೆಗೆದುಕೊಂಡು ಹೋಗುತ್ತಿದ್ದ, ಅವನ ಸೊಂಟ ಬೋರುಗಲ್ಲಿನಂತಿತ್ತು. ಬಟ್ಟೆ ಒಗೆಯುವವಳು ತೂಕ ನೋಡಿಸಿಕೊಳ್ಳಲು ಬರುತ್ತಿದ್ದಳು. ಸಾಲು ಹನುಮಂತನ ಬಾಲದಂತೆ ಬೆಳೆಯುತ್ತಿತ್ತು. ಅದರ ತುದಿಯಲ್ಲಿ, ಎಲ್ಲ ಚಪ್ಪಲಿಗಳ ಹಿಂದೆ, ನಮ್ಮ ಮನೆಯ ಚಪ್ಪಲಿಗಳು.

ಅಣ್ಣನ ಬಲಗಾಲಿಗೆ ದೋಣಿಯ ತಳದಲ್ಲಿದ್ದ ಮೊಳೆ ಚುಚ್ಚಿದ್ದು ಆ ಬೇಸಿಗೆಯಲ್ಲಿ. ಕಿರುಬೆರಳ ಬುಡದಲ್ಲಿ ಒಂದು ಕಾಳಿನಷ್ಟು ಗಾಯ. “ಒಂಚೂರೂ ನೋವಿಲ್ಲ ಕಣೇ, ನನ್ನ ಕಾಲು ಅಂದ್ರೆ ಏನಂದ್ಕೊಂಡೆ,” ಎಂದು ಅವನು ಜಂಬ ಕೊಚ್ಚಿದ. ನೋವಿಲ್ಲ ಅಂದರೆ ಒಳ್ಳೆಯದೇ ಅಂತ ನಾವೂ ಸುಮ್ಮನಾದೆವು. ಗಾಯ ಮಾತ್ರ ಮಾಯಲಿಲ್ಲ. ಕಾಲು ಊದಿ ಬಲಗಾಲಿನ ಚಪ್ಪಲಿ ಹಿಡಿಸದಾಯಿತು. ದೋಣಿ ಬಂದ ದಿನ ಅವನು ಎಡಗಾಲಿನದೊಂದನ್ನೇ ಸಾಲಿನ ಕೊನೆಯಲ್ಲಿ ಬಿಟ್ಟ. ಸಂಜೆಯವರೆಗೆ ಕಾದ. ಅವನಿಗಿಂತ ಮುಂದೆ ಇನ್ನೂ ನಾಲ್ಕೈದು ಜೊತೆ ಇರುವಾಗಲೇ ದೋಣಿಯವರು ಹಾರ್ನ್ ಹೊಡೆದರು. ಕೆಳಗಿನ ಮರಳುದಿಬ್ಬಗಳನ್ನು ಬೆಳಕಿರುವಾಗಲೇ ದಾಟಬೇಕಂತೆ.

“ಮುಂದಿನ ಸಲ ಆಯ್ತು ಬಿಡು,” ಅಂದ ಅಣ್ಣ, ಒಂಟಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ.

ಮುಂದಿನ ಸಲ ಅಂದರೆ ಎರಡು ತಿಂಗಳ ಮೇಲೆ. ಅಷ್ಟರಲ್ಲಿ ಗಾಯ ಕಾಳಿನಷ್ಟಿದ್ದದ್ದು ಅಡಿಕೆಯಷ್ಟಾಗಿತ್ತು. ದೋಣಿ ಬರುವ ಹಿಂದಿನ ದಿನ, ಅತ್ತಿಗೆ ಮನೆಮನೆ ಸುತ್ತಿ ಬಂದು ಒಲೆಯ ಮುಂದೆ ಕೂತಾಗ ನಾನು ಕೇಳಿಯೇ ಬಿಟ್ಟೆ.

“ನಾಳೆ ಅಣ್ಣನ್ನ ಮೊದಲು ಕಳಿಸ್ತೀಯಾ ಇಲ್ವಾ ಅತ್ತಿಗೆ?”

“ಹೇಗೆ ಕಳಿಸ್ಲಿ? ಮಾತು ಕೊಟ್ಟಿದೀನಿ.”

“ನೀನು ಮಾತು ಕೊಟ್ಟಿರೋದು ಊರಿಗೆ. ತಾಳಿ ಕಟ್ಟಿಸ್ಕೊಂಡಿರೋದು ಯಾರ ಹತ್ರ?”

“ನೋಡು, ಒಂದ್ಸಲ ನಮ್ಮೋರನ್ನ ಮುಂದೆ ಬಿಟ್ರೆ ಅಂಗಡಿಯವನಿಗೂ ನನಗೂ ಏನು ವ್ಯತ್ಯಾಸ? ನಾಳೆಯಿಂದ ನಾನು ಗಂಟೆ ಹೊಡೆದ್ರೆ ಯಾರು ಕೇಳ್ತಾರೆ?”

“ಹಾಗಾದ್ರೆ ಆ ಕಲ್ಲುಸೊಂಟದವನನ್ನಾದ್ರೂ ಬರಬೇಡ ಅನ್ನು.”

“ಅವನು ಬರ್ಲಿಲ್ಲ ಅಂದ್ರೆ ನಲವತ್ತೊಂಬತ್ತಾಗತ್ತೆ,” ಅಂದಳು ಅತ್ತಿಗೆ. ಊದುಗೊಳವೆ ತೆಗೆದುಕೊಂಡು ಒಲೆ ಊದತೊಡಗಿದಳು. ಅವಳಿಗೆ ಉತ್ತರ ಗೊತ್ತಿಲ್ಲದಾಗ ಒಲೆ ಊದುತ್ತಾಳೆ. ಅವತ್ತು ಒಲೆ ಚೆನ್ನಾಗಿಯೇ ಉರಿಯುತ್ತಿತ್ತು.

ಅಣ್ಣನನ್ನು ಕೇಳಿದರೆ ಅವನದು ಇನ್ನೊಂದು ರಾಗ. “ಅವಳ ಮಾತು ಹೋಗೋದು ಬೇಡ ಕಣೇ. ನನ್ನ ಕಾಲೇನು ಓಡಿಹೋಗತ್ತಾ?” ಇಬ್ಬರನ್ನೂ ಕಂಡು ನಾನು ತಲೆ ಚಚ್ಚಿಕೊಳ್ಳಬೇಕು. ಗಂಡ ಹೆಂಡಿರ ಜಗಳದ ನಡುವೆ ಹೋಗಬಾರದು ಅನ್ನುತ್ತಾರೆ, ಇವರ ಒಗ್ಗಟ್ಟಿನ ನಡುವೆಯೂ ಹೋಗಬಾರದು.

ಆ ಸಲ ಅಣ್ಣನ ಸರದಿ ಬಂತು, ಬಂದದ್ದು ಹಾರ್ನ್ ಹೊಡೆದ ಮೇಲೆ. ಡಾಕ್ಟರು ಸಣ್ಣ ವಯಸ್ಸಿನವನು, ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದಿತ್ತು, ಬೆಳಗಿನಿಂದ ಕೂತವನು ಎದ್ದಿರಲಿಲ್ಲ. ಅವನು ಬಗ್ಗಿ ಗಾಯ ನೋಡಿದ. ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದ. ಯಾರಿಗೆ ಗೊತ್ತು, ಯಾರೂ ಯಾವತ್ತೂ ನೋಡಿರಲಿಲ್ಲ. ರಕ್ತ ನೋಡುವ ಮೆಷಿನ್ನನ್ನು ಆಗಲೇ ಪೆಟ್ಟಿಗೆಗೆ ಹಾಕಿ ಕೆಳಗಿಳಿಸಿಬಿಟ್ಟಿದ್ದರು. ಹಾರ್ನ್ ಇನ್ನೊಮ್ಮೆ ಕೂಗಿತು.

“ಮುಂದಿನ ಸಲ ಖಂಡಿತ ನೋಡೋಣ,” ಅಂದ ಡಾಕ್ಟರು. ಒಂದು ಮುಲಾಮು, ಒಂದಿಷ್ಟು ಮಾತ್ರೆ ಕೊಟ್ಟ. “ದಿನಾ ಕ್ಲೀನ್ ಮಾಡಿ. ಮುಖ್ಯವಾಗಿ, ಕಾಲನ್ನ ನೀರಿಗೆ ತಾಗಿಸ್ಬೇಡಿ.”

ಅಣ್ಣ ಡಾಕ್ಟರನ್ನು ನೋಡಿದ, ನದಿಯನ್ನು ನೋಡಿದ, “ಆಯ್ತು ಸಾರ್,” ಅಂದ.

ಮನೆಗೆ ಬಂದ ಮೇಲೆ ನಾನು ಅಂಬಿಗನ ಕಾಲು ನೀರಿಗೆ ತಾಗದಿರಲು ಏನು ಮಾಡಬೇಕೆಂದು ಯೋಚಿಸಿ, ಪ್ಲಾಸ್ಟಿಕ್ ಹಾಳೆಯಿಂದ ಒಂದು ಚೀಲ ಹೊಲಿದೆ. ಮೆಷಿನ್ ಸೂಜಿ ತೂತು ಮಾಡಿದ ಕಡೆಯೆಲ್ಲ ನೀರು ಒಳಗೆ ಬಂತು. ಬಂದ ನೀರು ಹೊರಗೆ ಹೋಗಲಿಲ್ಲ. ಅಣ್ಣ ನಕ್ಕ, ನಾನು ಆ ಚೀಲವನ್ನು ಒಲೆಗೆ ಹಾಕಿದೆ.

ಆಮೇಲಿನ ದಿನಗಳು ನನಗೆ ನೆನಪಿಸಿಕೊಳ್ಳಲು ಇಷ್ಟವಿಲ್ಲ. ಬೆರಳು ಕಪ್ಪಾಯಿತು. ವಾಸನೆ ಬರತೊಡಗಿತು. ಅತ್ತಿಗೆ ಶಾಲೆಯಿಂದ ಬಂದು ಬಿಸಿನೀರಲ್ಲಿ ಗಾಯ ತೊಳೆದು, ನನ್ನ ಹತ್ತಿರ ಉಳಿದ ಬಟ್ಟೆಚೂರುಗಳಲ್ಲಿ ಮೆತ್ತಗಿನದನ್ನು ಆರಿಸಿ ಕಟ್ಟುತ್ತಿದ್ದಳು. ಒಂದು ದಿನ ಕಟ್ಟುತ್ತಾ ಮುಖವನ್ನು ಪಕ್ಕಕ್ಕೆ ತಿರುಗಿಸಿದಳು, ಅಣ್ಣನಿಗೆ ಕಾಣದ ಹಾಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವಳಿಗೂ ಗೊತ್ತಾಗಿತ್ತು. ಪಟ್ಟಣಕ್ಕೆ ಕರೆದುಕೊಂಡು ಹೋಗೋಣ, ನಾಲ್ಕು ಜನರನ್ನು ಕೇಳು ಎಂದೆ. “ದುಡಿಯೋ ದಿನಗಳಲ್ಲಿ ನಮ್ಮನೆಗೋಸ್ಕರ ಕೆಲಸ ಬಿಟ್ಟು ಬನ್ನಿ ಅಂತ ಯಾವ ಬಾಯಲ್ಲಿ ಕೇಳ್ಲಿ? ಇನ್ನೇನು ದೋಣಿ ಬರತ್ತೆ,” ಅಂದಳು. ಊರಿಗಾಗಿ ಕೇಳುವಾಗ ಬಾಯಿ ಊರಗಲ, ಮನೆಗಾಗಿ ಕೇಳುವಾಗ ನಾಲಗೆಯೇ ಇಲ್ಲ. ಅವತ್ತು ನಾನು ಅವಳ ಜೊತೆ ಮಾತು ಬಿಟ್ಟೆ. ಒಂದೇ ಸೂರಿನ ಕೆಳಗೆ ಮಾತು ಬಿಡುವುದು ಸುಲಭವಲ್ಲ, ಉಪ್ಪು ಬೇಕಾದರೆ ಗೋಡೆಗೆ ಕೇಳಬೇಕಾಗುತ್ತದೆ.

ದೋಣಿ ಬರುವ ದಿನ ಬಂತು. ಅತ್ತಿಗೆ ಹಿಂದಿನ ದಿನ ಎಂದಿನಂತೆ ಮನೆಮನೆಗೆ ಹೋಗಿದ್ದಳು, ನಾನು ನೋಡಿ ಹಲ್ಲು ಕಚ್ಚಿಕೊಂಡಿದ್ದೆ. ಬೆಳಿಗ್ಗೆ ಹಲಗೆಯ ಮೇಲೆ ಚಪ್ಪಲಿ ಸಾಲು ಆಗಲೇ ದಡದ ಮರದವರೆಗೂ ಬೆಳೆದಿತ್ತು. ಅಣ್ಣ ನನ್ನ ಹೆಗಲು ಹಿಡಿದುಕೊಂಡು ಕುಂಟುತ್ತಾ ಬಂದು, ತನ್ನ ಒಂಟಿ ಚಪ್ಪಲಿಯನ್ನು ಕೊನೆಯಲ್ಲಿ ಬಿಟ್ಟ. ದೋಣಿ ಬಂದು ಹಗ್ಗ ಕಟ್ಟಿದರು. ಎಲ್ಲರೂ ಗಂಟೆಗೆ ಕಾಯುತ್ತಿದ್ದರು.

ಅತ್ತಿಗೆ ಗಂಟೆ ಬಾರಿಸಲಿಲ್ಲ. ಗಂಟೆಯನ್ನು ಕೆಳಗಿಟ್ಟು, ಸಾಲಿನುದ್ದಕ್ಕೂ ಹಿಂದಕ್ಕೆ ನಡೆದುಕೊಂಡು ಬಂದಳು. ಅಣ್ಣನ ಚಪ್ಪಲಿಯನ್ನು ಎತ್ತಿಕೊಂಡಳು. ಮತ್ತೆ ಅಷ್ಟುದ್ದ ನಡೆದು ಹೋಗಿ ಅದನ್ನು ಎಲ್ಲಕ್ಕಿಂತ ಮುಂದೆ ಇಟ್ಟಳು.

“ಇವತ್ತು ನಾನು ಮಾತು ತಪ್ತಾ ಇದೀನಿ. ನಮ್ಮನೆಯವರದ್ದು ಮೊದಲು. ಯಾರಿಗಾದ್ರೂ ಬೇಜಾರಿದ್ರೆ ಈಗ್ಲೇ ಹೇಳಿ,” ಅಂದಳು.

ಅಂಗಡಿಯವನು ಗಂಟಲು ಸರಿಮಾಡಿಕೊಂಡ, ಅವನ ಹೆಂಡತಿ ಅವನ ತೋಳು ಜಿಗುಟಿದಳು. ಕಡೆಗೆ ಬಲೆ ಬೀಸುವವನು ಎದ್ದು ನಿಂತ.

“ಬೇಜಾರ್ಯಾಕಮ್ಮ? ನಾನು ಬರೋದೇ ನೀನು ಕರೀತೀಯ ಅಂತ. ಹೋಗ್ಲಿಲ್ಲ ಅಂದ್ರೆ ನಿನಗೆ ಬೇಜಾರಾಗತ್ತಲ್ಲ ಅಂತ. ನನಗೇನಾಗಿದೆ, ಗುಂಡುಕಲ್ಲಿದ್ದ ಹಾಗಿದೀನಿ.”

“ನಾನೂ ಅಷ್ಟೇ,” ಅಂದಳು ಬಟ್ಟೆ ಒಗೆಯುವವಳು. “ಮೂರು ಸಲದಿಂದ ಅದೇ ತೂಕ.”

ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಅರ್ಧಕ್ಕರ್ಧ ಜನ ಅತ್ತಿಗೆಯ ಮುಖ ನೋಡಿ ಬಂದವರು. ಅವಳು ಊರಿಗಾಗಿ ಅವರನ್ನು ಕರೆದಳು, ಅವರು ಅವಳಿಗಾಗಿ ಬಂದರು, ನಡುವೆ ನನ್ನ ಅಣ್ಣನ ಕಾಲು ಕೊಳೆಯಿತು. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಎಲ್ಲರಿಗೂ ಒಂದೊಂದು ಬಾರಿಸೋಣ ಅನ್ನಿಸಿದ್ದು ನಿಜ.

ಅಣ್ಣನನ್ನು ನಾನೂ ಅತ್ತಿಗೆಯೂ ಎರಡು ಕಡೆ ಹಿಡಿದು ದೋಣಿಯ ಏಣಿಯವರೆಗೆ ಕರೆದೊಯ್ದೆವು. ಟೋಪಿ ಹಾಕಿದ್ದ ಹುಡುಗಿಯೊಬ್ಬಳು ಮುಂದೆ ಬಂದಳು.

“ಕಣ್ಣಿಗೆ ಏನಾಗಿದೆ?” ಎಂದು ಕೇಳಿದಳು.

“ಕಣ್ಣಲ್ಲಮ್ಮ, ಕಾಲು.”

“ಈ ಸಲ ಕಣ್ಣಿನ ಡಾಕ್ಟರು ಮಾತ್ರ ಬಂದಿರೋದು ಅಮ್ಮ. ಕಾಲಿನದ್ದು ಮುಂದಿನ ಸಲ.”

ಅತ್ತಿಗೆ ಕುಕ್ಕರುಗಾಲಿನಲ್ಲಿ ಕೂತು, ಅಲ್ಲೇ ಹಲಗೆಯ ಮೇಲೆ, ಅಣ್ಣನ ಕಾಲಿನ ಬಟ್ಟೆಯನ್ನು ಸುತ್ತು ಸುತ್ತಾಗಿ ಬಿಚ್ಚಿದಳು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡಿದಳು. ಒಬ್ಬ ಹಿರಿಯ ಡಾಕ್ಟರಮ್ಮ ಹೊರಗೆ ಬಂದರು. ಅವರು ಹತ್ತಿರ ಬಂದು ನೋಡಿದರು, ಪಾದದ ಮೇಲೆ ಬೆರಳಿಂದ ಒತ್ತಿ, “ಗೊತ್ತಾಗತ್ತಾ?” ಎಂದು ಕೇಳಿದರು. ಇಲ್ಲ ಅಂದ ಅಣ್ಣ.

“ಇವರನ್ನ ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ನಾಳೆ ಅಂತ ಇಟ್ಕೋಬೇಡಿ.”

“ನಿಮ್ಮ ದೋಣಿಯಲ್ಲೇ ಕರ್ಕೊಂಡು ಹೋಗಿ ತಾಯಿ,” ಅಂದಳು ಅತ್ತಿಗೆ.

ಡಾಕ್ಟರಮ್ಮ ದೋಣಿ ನಡೆಸುವವನ ಕಡೆ ತಿರುಗಿದರು. ಅವನು ತಲೆಯಾಡಿಸಿದ. ದೋಣಿ ಹೋಗುವುದು ಕೆಳಗಿನ ಊರುಗಳಿಗೆ, ಪಟ್ಟಣ ಇರುವುದು ಮೇಲೆ. ತಿರುಗಿಸಿದರೆ ವಾಪಸು ಬರಲು ಡೀಸೆಲ್ ಇಲ್ಲ. ಡಾಕ್ಟರಮ್ಮನ ಮುಖ ಸಣ್ಣದಾಯಿತು. ಒಳಗೆ ಹೋಗಿ ಒಂದು ಚೀಟಿ ಬರೆದು ತಂದು ಕೊಟ್ಟರು, ಸ್ವಂತ ಕೈಯಿಂದ ಗಾಯವನ್ನು ತೊಳೆದು ಕಟ್ಟಿದರು. ಅವರ ಮೇಲೂ ಸಿಟ್ಟು ಮಾಡಿಕೊಳ್ಳಲಾಗಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಅತ್ತಿಗೆ ಎದ್ದು ಸಾಲಿನ ಕಡೆ ತಿರುಗಿದಳು. ಅಷ್ಟು ವರ್ಷಗಳಲ್ಲಿ ಅವಳು ತನಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ.

“ನನಗೆ ಹುಟ್ಟು ಹಾಕೋರು ಬೇಕು,” ಅಂದಳು. “ನನ್ನ ಗಂಡನಿಗೋಸ್ಕರ.”

ಚಪ್ಪಲಿ ಸಾಲು ಹೇಗೆ ಖಾಲಿಯಾಯಿತೋ ಗೊತ್ತಿಲ್ಲ. ನೋಡುನೋಡುತ್ತಿದ್ದಂತೆ ಎಲ್ಲರೂ ತಮ್ಮ ತಮ್ಮ ಚಪ್ಪಲಿ ಮೆಟ್ಟಿಕೊಂಡು ಅಣ್ಣನ ದೋಣಿಯ ಹತ್ತಿರ ನಿಂತಿದ್ದರು. ದೋಣಿಯಲ್ಲಿ ಜಾಗವಿಲ್ಲದೆ ಇನ್ನೊಂದು ದೋಣಿ ಬಿಚ್ಚಿದರು. ಸೊಂಟನೋವಿನವನು ಮೊದಲ ಹುಟ್ಟಿಗೆ ಕೂತ. ಕೈ ಎತ್ತಲಾಗುವುದಿಲ್ಲ ಎಂದು ಹೋದ ಸಲ ಮಾತ್ರೆ ತೆಗೆದುಕೊಂಡಿದ್ದ ಅಂಗಡಿಯವನೂ ಹುಟ್ಟು ಹಿಡಿದ. ಊರಿನ ರೋಗಿಗಳೆಲ್ಲ ಸೇರಿ ಆ ಎದುರು ನೀರನ್ನು ಸೀಳಿದ ರಭಸಕ್ಕೆ, ಹೊತ್ತು ಮುಳುಗುವ ಮೊದಲೇ ಪಟ್ಟಣದ ಮೆಟ್ಟಿಲು ಕಂಡಿತು. ಡಾಕ್ಟ್ರ ದೋಣಿಯ ಹತ್ತಿರ ಉಳಿದದ್ದು ಒಬ್ಬಳೇ ಅಜ್ಜಿ. ಅವಳಿಗೆ ನಿಜವಾಗಿಯೂ ಕಣ್ಣು ಮಂಜಾಗಿತ್ತು, ಎಲ್ಲರೂ ಹೋದದ್ದು ಅವಳಿಗೆ ಕಂಡಿರಲಿಲ್ಲ.

ಆಸ್ಪತ್ರೆಯ ಡಾಕ್ಟರು ರಕ್ತ ನೋಡಿ, ಕಾಲು ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಸಕ್ಕರೆ ಇಷ್ಟಿದೆ. ನೋವಿಲ್ಲ ಅಂತ ಸುಮ್ಮನಿದ್ರಾ? ನೋವು ಗೊತ್ತಾಗದೆ ಇರೋದೇ ಕಾಯಿಲೆ. ಉಗುರಲ್ಲಿ ಹೋಗೋದಕ್ಕೆ ಈಗ ಕೊಡಲಿ ತಗೋಬೇಕು. ನಿಮ್ಮೂರಿಗೆ ಡಾಕ್ಟ್ರ ದೋಣಿ ಬರತ್ತಲ್ಲ, ಅವರಿಗ್ಯಾಕೆ ತೋರಿಸ್ಲಿಲ್ಲ?”

ಅತ್ತಿಗೆ ಸೆರಗನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. ನಾನೇ ಹೇಳಿದೆ, ಅಷ್ಟು ದಿನದ ಸಿಟ್ಟನ್ನೆಲ್ಲ ಸೇರಿಸಿ.

“ಸಾಲು ದೊಡ್ಡದಿತ್ತು ಸಾರ್.”

ಎರಡು ಬೆರಳು ಹೋದವು. ಪಾದ ಉಳಿಯಿತು. ಆಸ್ಪತ್ರೆಯ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಾಗ ಅತ್ತಿಗೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನಾನು ಮಾತು ಬಿಟ್ಟವಳು, ಏನು ಮಾಡಲಿ, ತಲೆ ಸವರಿದೆ.

ನಾವು ಊರಿಗೆ ಮರಳಿದ ಮೇಲೆ ಡಾಕ್ಟ್ರ ದೋಣಿಯ ವ್ಯವಸ್ಥೆ ನೋಡಿಕೊಳ್ಳುವವನು ಸಣ್ಣ ದೋಣಿಯಲ್ಲಿ ಬಂದ. ನಮ್ಮ ಜಗಲಿಯಲ್ಲಿ ಕೂತು, ಕೊಟ್ಟ ನೀರು ಕುಡಿದು, ಸಂಕೋಚದಿಂದಲೇ ಮಾತು ತೆಗೆದ.

“ಹೋದ ಸಲ ನಿಮ್ಮಲ್ಲಿ ಒಬ್ಬರೇ ಬಂದಿದ್ದು ಅಂತ ಬರೆದಿದಾರೆ. ಒಬ್ಬರು ಅಂದ್ರೆ ತುಂಬಾ ಕಡಿಮೆ ಆಯ್ತಮ್ಮ. ಇನ್ನು ಈ ಊರಲ್ಲಿ ದೋಣಿ ನಿಲ್ಲಿಸೋದು ಕಷ್ಟ.”

ಅಣ್ಣ ಅಲ್ಲೇ ಕಾಲು ಚಾಚಿಕೊಂಡು ಕೂತಿದ್ದ. ಅತ್ತಿಗೆ ಅವನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದಳು. ತಲೆಯೆತ್ತದೆ ಹೇಳಿದಳು:

“ಕಾಯಿಲೆ ಇಲ್ದೆ ಇದ್ದಾಗ ಐವತ್ತು ಜನ ಬಂದ್ರು, ಆಗ ನಿಲ್ಲಿಸಿದ್ರಿ. ಕಾಯಿಲೆಯವನನ್ನ ಐವತ್ತು ಜನ ಹೊತ್ಕೊಂಡು ಹೋದ್ರು, ಈಗ ನಿಲ್ಲಿಸಲ್ಲ ಅಂತೀರಿ. ಆಗ್ಲಿ. ನಿಲ್ಲಿಸೋದು ಬೇಡ. ನಿಮ್ಮ ದೋಣಿ ಬರತ್ತೆ ಅಂತ ನಮ್ಮ ಲಾಂಚು ತೆಗೆದ್ರಲ್ಲ, ಅದನ್ನ ವಾಪಸ್ ಕೊಡ್ಸಿ.”

“ಅದು ನಮ್ಮ ಕೈಲಿಲ್ಲಮ್ಮ. ಅದು ಸರ್ಕಾರದ್ದು.”

“ಹೌದಲ್ವಾ,” ಅಂದಳು ಅತ್ತಿಗೆ. ಪಟ್ಟಿಯ ಗಂಟು ಬಿಗಿದಳು.

ಲಾಂಚು ಇನ್ನೂ ಬಂದಿಲ್ಲ. ಬರುವ ಸೂಚನೆಯೂ ಇಲ್ಲ. ಸರ್ಕಾರಕ್ಕೆ ಬರೆದ ಅರ್ಜಿಗೆ ಉತ್ತರವೂ ಇಲ್ಲ. ಹದಿನೈದು ದಿನಕ್ಕೊಂದು ಸಲ ಊರಿನವರೇ ಅಣ್ಣನ ದೋಣಿ ತೆಗೆದುಕೊಂಡು, ಬೇಕಾದವರನ್ನು ಕೂರಿಸಿಕೊಂಡು ಪಟ್ಟಣಕ್ಕೆ ಹುಟ್ಟು ಹಾಕುತ್ತಾರೆ. ಎದುರು ನೀರು, ಬೆನ್ನು ಮುರಿಯುತ್ತದೆ, ಕೆಲವು ಸಲ ಅಲ್ಲಿ ಹೋದರೆ ಡಾಕ್ಟರು ರಜೆ. ಎಲ್ಲ ಡಾಕ್ಟರುಗಳ ರಜೆಯಲ್ಲೂ ನಮ್ಮ ಪಾಲು ಇದೆಯೇನೋ. ಬೈದುಕೊಳ್ಳುತ್ತಾ ಮರಳುತ್ತೇವೆ.

ಅಣ್ಣ ಈಗ ಎರಡೂ ಚಪ್ಪಲಿ ಹಾಕಿಕೊಳ್ಳುತ್ತಾನೆ. ಬೆರಳಿಲ್ಲದ ಕಡೆ ಜಾರುತ್ತದೆ ಅಂತ ನಾನು ಬಲಗಾಲಿನದಕ್ಕೆ ಹಿಮ್ಮಡಿಯ ಸುತ್ತ ಒಂದು ಪಟ್ಟಿ ಹೊಲಿದುಕೊಟ್ಟಿದ್ದೇನೆ. ಪಟ್ಟಣಕ್ಕೆ ಹೋಗುವ ದಿನ ದೋಣಿಕಟ್ಟೆಯ ಹಲಗೆಯ ಮೇಲೆ ಮತ್ತೆ ಚಪ್ಪಲಿಗಳು ಸಾಲಾಗಿ ನಿಲ್ಲುತ್ತವೆ, ಯಾಕೆಂದರೆ ದೋಣಿಯಲ್ಲಿ ಜಾಗ ಕಡಿಮೆ. ಸಕ್ಕರೆ ನೋಡಿಸಿಕೊಳ್ಳಲು ಅಣ್ಣನೂ ಹೋಗಬೇಕು. ಅತ್ತಿಗೆ ಅಣ್ಣನ ಚಪ್ಪಲಿ ಕೈಯಲ್ಲಿ ಹಿಡಿದು, ಎಲ್ಲಿಡಲಿ ಎಂದು ನನ್ನ ಮುಖ ನೋಡುತ್ತಾಳೆ. “ಮೊದಲು ಇಡು,” ಅನ್ನುತ್ತೇನೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಎರಡನೆಯದಾಗಿ ಇಡುತ್ತಾಳೆ.